ಇವತ್ತಿನ ಹಿಟ್ಟು

ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ಬಿಸಿನೀರು ಎಷ್ಟೇ ಹೊಯ್ಯಿರಿ, ಎಷ್ಟೇ ನಾದಿರಿ, ಬಡಿಯುವಾಗ ಅಂಚು ಬಿರಿಯುತ್ತದೆ. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ಹರಿದು ಅರ್ಧ ಕೈಯಲ್ಲೇ ಉಳಿಯುತ್ತದೆ. ನಮ್ಮ ಅವ್ವ ಗಿರಣಿಗೆ ಕಳಿಸುವಾಗ ಡಬ್ಬಿಯ ಅರ್ಧಕ್ಕೇ ಜೋಳ ಹಾಕಿ ಕೊಡುತ್ತಿದ್ದಳು. ತುಂಬ ಹಾಕಿದರೆ ಮತ್ತೆ ಮತ್ತೆ ಹೋಗುವುದು ತಪ್ಪುತ್ತದಲ್ಲ ಎಂದು ನಾನು ಕೇಳಿದರೆ, "ಹಳೇ ಹಿಟ್ಟಿಗೆ ಜಿಗಿ ಇರೂದಿಲ್ಲ ತಮ್ಮಾ" ಅನ್ನುತ್ತಿದ್ದಳು. ಅವಳ ಅವ್ವನ ಕಾಲದಲ್ಲಿ ಗಿರಣಿಯೇ ಇರಲಿಲ್ಲ. ಅಂದಂದಿನ ಹಿಟ್ಟನ್ನು ಅಂದಂದೇ, ಕೋಳಿ ಕೂಗುವ ಮೊದಲು ಎದ್ದು ಬೀಸಬೇಕಿತ್ತು. ಬೀಸಿ ಬೀಸಿ ಕಲ್ಲೂ ಸವೆಯುತ್ತಿತ್ತು. ನುಣುಪಾದ ಕಲ್ಲಿಗೆ ಉಳಿಯಿಂದ ಮತ್ತೆ ಮುಳ್ಳು ಮಾಡಿಸಬೇಕಾಗುತ್ತಿತ್ತು.

ಅವ್ವನ ಈ ಮಾತು ಬಹಳ ವರ್ಷಗಳ ಮೇಲೆ ನನಗೆ ಮತ್ತೆ ನೆನಪಾದದ್ದು ಗೊಟಗೋಡಿಯಲ್ಲಿ. ಶಿಗ್ಗಾವಿ ತಾಲೂಕಿನ ಈ ಊರು ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿದೆ. ಮರೆವಿನೊಡನೆ ಹೋರಾಡುತ್ತಿರುವ ಎರಡು ಜಾಗಗಳು ಇಲ್ಲಿ ಒಟ್ಟಿಗೆ ಇವೆ. ಒಂದು, 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಇನ್ನೊಂದು, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್. ಹಳ್ಳಿಯ ಬಾಳು ಹೇಗಿತ್ತೆಂಬುದನ್ನು ಅವರು ಸಿಮೆಂಟಿನಲ್ಲಿ, ಆಳೆತ್ತರಕ್ಕೆ ಹಿಡಿದಿಟ್ಟರು. ದನಕರು, ಹೊಲದ ಕೆಲಸ, ಮನೆಗೆಲಸ, ಕಸುಬುದಾರರು ಎಲ್ಲರೂ ಅಲ್ಲಿದ್ದಾರೆ. 2020ರಲ್ಲಿ ಸೊಲಬಕ್ಕನವರ ತೀರಿಕೊಂಡರು. ಅವರು ನಿಲ್ಲಿಸಿದ ಜನ ನಿಂತೇ ಇದ್ದಾರೆ.

ಆ ಬೆಳಿಗ್ಗೆ ನಾನು ಅಲ್ಲಿ ಎರಡು ತಾಸು ಓಡಾಡಿದೆ. ಬಣ್ಣ, ಮುಖದ ಗೆರೆ, ಸೆರಗಿನ ಮಡಿಕೆ ಒಂದೊಂದರಲ್ಲೂ ಪ್ರೀತಿ ಕಾಣುತ್ತದೆ. ತನ್ನ ಕಣ್ಣೆದುರೇ ಒಂದು ಲೋಕ ಕರಗುತ್ತಿರುವುದನ್ನು ಕಂಡ ಮನುಷ್ಯ ಮಾತ್ರ ಇಷ್ಟು ತಾಳ್ಮೆಯಿಂದ ಇದನ್ನು ಮಾಡಬಲ್ಲ. ಆದರೆ ಹೊತ್ತು ಏರಿದ ಹಾಗೆ ಬೇರೊಂದು ವಿಚಾರ ನನ್ನನ್ನು ಹಿಡಿಯಿತು. ಇಲ್ಲಿ ಎತ್ತಿದ ಕೈ ಇಳಿಯುವುದಿಲ್ಲ, ಇಟ್ಟ ಹೆಜ್ಜೆ ಮುಂದೆ ಹೋಗುವುದಿಲ್ಲ, ತೆರೆದ ಬಾಯಿ ಮಾತು ಮುಗಿಸುವುದಿಲ್ಲ. ಇಂಥದೇ ಒಂದು ಮೂರ್ತಿಯನ್ನು ನಾನೂ ಮಾಡಿ ಇಟ್ಟುಕೊಂಡಿದ್ದೆನಲ್ಲ ಎಂದು ಥಟ್ಟನೆ ಹೊಳೆಯಿತು. ಅದು ನನ್ನ ಅಣ್ಣನದು.

ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಾಗುವಾಗ, ನಾಲ್ಕು ಜನರ ಮುಂದೆ ಅಣ್ಣ ನನಗೊಂದು ಮಾತು ಅಂದ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಈಗ ಅದನ್ನು ಕೇಳಿದವರಿಗೆ ಇಷ್ಟೇನಾ ಅನ್ನಿಸೀತು. ಹನ್ನೊಂದು ವರ್ಷ ನಾವು ಮಾತಾಡಲಿಲ್ಲ. ಆ ಹನ್ನೊಂದು ವರ್ಷದಲ್ಲಿ ಅಣ್ಣನ ಕೂದಲು ಉದುರಿತು, ಸಕ್ಕರೆ ಕಾಯಿಲೆ ಬಂತು, ಮಗಳ ಮದುವೆಯಾಯಿತು. ನನ್ನ ಒಳಗಿನ ಅಣ್ಣ ಮಾತ್ರ ಅದೇ ಮಧ್ಯಾಹ್ನ, ಅದೇ ಪಡಸಾಲೆಯಲ್ಲಿ, ಬೆರಳೆತ್ತಿ ನಿಂತಿದ್ದ. ಅವನನ್ನು ನಾನು ಮುಪ್ಪಾಗಲು ಬಿಟ್ಟಿರಲಿಲ್ಲ. ಲೋಕದಲ್ಲಿ ಎಲ್ಲವೂ ಅಳಿಯುತ್ತದೆಂದು ಕೊರಗುವ ನಾವು, ಅಳಿಯಬೇಕಾದ ಒಂದೇ ಒಂದನ್ನು ಎಷ್ಟು ಜತನದಿಂದ ಕಾಯುತ್ತೇವೆ!

ನಮ್ಮದು ಬಾಸೆಲ್ ಮಿಶನ್ನಿನ ಸಭೆಯಲ್ಲಿ ಬೆಳೆದ ಮನೆತನ. ಆ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ನಾನು ಹುಡುಗನಾಗಿದ್ದಾಗ ಭಾನುವಾರದ ಆರಾಧನೆಯಲ್ಲಿ ಒಂದು ವಿಷಯ ನನಗೆ ಬಗೆಹರಿಯುತ್ತಿರಲಿಲ್ಲ. ಪ್ರತಿ ವಾರ ಪಾಪದ ಅರಿಕೆ ಮಾಡುತ್ತಿದ್ದೆವು, ಪ್ರತಿ ವಾರ ಕ್ಷಮೆಯ ಮಾತು ಕೇಳುತ್ತಿದ್ದೆವು. ಮುಂದಿನ ವಾರ ಮತ್ತೆ ಅದೇ. ಹೋದ ವಾರ ಕೊಟ್ಟ ಕ್ಷಮೆ ಎಲ್ಲಿ ಹೋಯಿತು? ಕ್ರಿಸ್ತನು ಶಿಲುಬೆಯ ಮೇಲೆ ಒಮ್ಮೆಲೇ ಎಲ್ಲವನ್ನೂ ತೀರಿಸಿದನೆಂದು ಉಪದೇಶದಲ್ಲಿ ಹೇಳುತ್ತಾರೆ. ಹಾಗಿದ್ದರೆ ವಾರ ವಾರ ಕೇಳುವುದೇಕೆ?

ಇದಕ್ಕೆ ಉತ್ತರವನ್ನು ನಾನು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಕಂಡುಕೊಂಡೆ, ಅದೂ ತಲೆ ನೆರೆತ ಮೇಲೆ. ಕೊನೆಯ ಊಟದ ರಾತ್ರಿ ಯೇಸು ಬೋಗುಣಿಗೆ ನೀರು ಹಾಕಿಕೊಂಡು ಶಿಷ್ಯರ ಕಾಲು ತೊಳೆಯತೊಡಗುತ್ತಾನೆ. ಪೇತ್ರ ಮೊದಲು ಕಾಲು ಎಳೆದುಕೊಳ್ಳುತ್ತಾನೆ. ಆಮೇಲೆ, ಹಾಗಾದರೆ ಕೈ, ತಲೆಯನ್ನೂ ತೊಳೆ ಎನ್ನುತ್ತಾನೆ. ಸ್ನಾನ ಮಾಡಿದವನಿಗೆ ಮತ್ತೆ ಸ್ನಾನ ಬೇಡ, ಕಾಲು ತೊಳೆದುಕೊಂಡರೆ ಸಾಕು ಎಂಬರ್ಥದ ಮಾತನ್ನು ಯೇಸು ಅವನಿಗೆ ಹೇಳುತ್ತಾನೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮ ಪದ್ಧತಿ. ಹಾಗೆ ಕೊಟ್ಟರೆ ಬಂದವರು ಮೈಲಿಗೆಯವರೆಂದು ಅರ್ಥವಲ್ಲ, ಹಾದಿ ನಡೆದು ಬಂದವರೆಂದು ಅರ್ಥ. ಸ್ನಾನ ಒಮ್ಮೆ ಆಗಿದೆ. ಧೂಳು ದಿನವೂ ಹತ್ತುತ್ತದೆ. ಲೂಥರ್ 1517ರ ಅಕ್ಟೋಬರ್ 31ರಂದು ಮುಂದಿಟ್ಟ 95 ವಾದಗಳಲ್ಲಿ ಮೊಟ್ಟಮೊದಲನೆಯದು ಹೇಳುವುದು ಇದನ್ನೇ: ನಂಬಿದವನ ಬಾಳೆಲ್ಲ ಪಶ್ಚಾತ್ತಾಪವೇ. ಎಳೆಯ ವಯಸ್ಸಿನಲ್ಲಿ ಅದು ನನಗೆ ಶಿಕ್ಷೆಯಂತೆ ಕೇಳುತ್ತಿತ್ತು. ಈಗ, ದಿನಾ ಮನೆಗೆ ಬರಲು ಬಾಗಿಲು ತೆರೆದಿರುತ್ತದೆ ಎಂದ ಹಾಗೆ ಕೇಳುತ್ತದೆ.

ದೇವರ ಕರುಣೆ ಬೆಳಗು ಬೆಳಗಿಗೂ ಹೊಸದು ಎಂಬ ಮಾತು ಕ್ರೈಸ್ತರ ಮನೆಗಳ ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ, ಮದುವೆಯ ಕರೆಯೋಲೆಯಲ್ಲಿ ಕಾಣುತ್ತದೆ. ಅದು ಬಂದದ್ದು ಎಲ್ಲಿಂದ ಎಂಬುದನ್ನು ನಾವು ಮರೆತಿರುತ್ತೇವೆ. ಅದರ ಮೂಲ ಬೈಬಲಿನ ಪ್ರಲಾಪಗಳು ಎಂಬ ಗ್ರಂಥ, ಹೆಸರೇ ಹೇಳುವಂತೆ ಗೋಳಾಟ. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬಿಲೋನಿನ ಸೇನೆ ಯೆರೂಸಲೇಮನ್ನು ಸುಟ್ಟಿತು. ದೇವಾಲಯ ಬಿತ್ತು, ಮುತ್ತಿಗೆಯ ಹಸಿವಿನಲ್ಲಿ ಮಕ್ಕಳು ಬೀದಿಯಲ್ಲಿ ಸತ್ತರು. ಆ ಬೂದಿಯಲ್ಲಿ ಕೂತವನು ಬರೆದದ್ದು ಇದು. ಬರೆದ ರೀತಿಯೂ ವಿಚಿತ್ರ. ಮೊದಲ ನಾಲ್ಕು ಅಧ್ಯಾಯಗಳಲ್ಲಿ ಹೀಬ್ರೂ ಭಾಷೆಯ 22 ಅಕ್ಷರಗಳನ್ನು ಸಾಲಾಗಿ ಹಿಡಿದು, ಒಂದೊಂದು ಅಕ್ಷರದಿಂದ ಒಂದೊಂದು ವಚನ ಶುರುಮಾಡುತ್ತಾನೆ. ನಡುವಿನ ಮೂರನೆಯ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನ. ಅತ್ತು ಅತ್ತು ದಿಕ್ಕು ತಪ್ಪಿದವನು ಅಕ್ಷರಮಾಲೆಯನ್ನು ಗೋಡೆಯಂತೆ ಹಿಡಿದುಕೊಂಡು ನಡೆದ ಹಾಗಿದೆ. ಹಾಗೆ ತಡವರಿಸುತ್ತ ಎಂಟನೆಯ ಅಕ್ಷರಕ್ಕೆ ಬರುತ್ತಾನೆ. ಅದರ ಹೆಸರು ಹೇತ್. ಹೀಬ್ರೂವಿನಲ್ಲಿ ಕೈಬಿಡದ ಪ್ರೀತಿಗೆ ಹೇಳುವ 'ಹೆಸೆದ್' ಎಂಬ ಪದ ಶುರುವಾಗುವುದು ಅದೇ ಅಕ್ಷರದಿಂದ. 'ಹೊಸದು' ಎಂಬರ್ಥದ ಪದವೂ ಅದರಿಂದಲೇ. ಕರುಣೆ ತೀರಿಹೋಗಿಲ್ಲ, ಬೆಳಕು ಹರಿದಾಗಲೆಲ್ಲ ಅದು ಹೊಸದಾಗುತ್ತದೆ ಎಂದು ಅವನು ಹೇಳುವುದು ಅಲ್ಲಿ.

ಹೇಳಿದವನು ಅಲ್ಲಿಗೇ ನಿಲ್ಲಿಸುವುದಿಲ್ಲ ಎಂಬುದು ನನಗೆ ಮುಖ್ಯ. ಮತ್ತೆ ಅಳುತ್ತಾನೆ. ಇನ್ನೂ ಎರಡು ಅಧ್ಯಾಯ ಅಳುತ್ತಾನೆ. ಒಂದು ಬೆಳಗಿನ ಕರುಣೆ ಆ ಬೆಳಗಿಗೆ ಸಾಕಾಯಿತು, ಸಂಜೆ ಮತ್ತೆ ಕತ್ತಲಾಯಿತು. ಇಷ್ಟು ಪ್ರಾಮಾಣಿಕವಾದ ಸಾಂತ್ವನವನ್ನು ನಾನು ಬೇರೆಲ್ಲೂ ಓದಿಲ್ಲ.

ಆದರೂ ಬೆಳಗು ಬೆಳಗಿಗೂ ಏಕೆ? ದೇವರ ದಯೆ ಜೋಳದ ಹಿಟ್ಟಿನಂತೆ ಜಿಗಿ ಕಳೆದುಕೊಳ್ಳುವಂಥದೇ? ಅಲ್ಲ. ಕಡಿಮೆ ಬಾಳಿಕೆಯದು ಅದಲ್ಲ, ನಾನು. ಒಂದು ದಿನಕ್ಕೆ ಹಿಡಿಯುವಷ್ಟೇ ನನ್ನ ಪಾತ್ರೆ. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರಿಗೆ ಮರುಭೂಮಿಯಲ್ಲಿ ಮನ್ನ ಸಿಕ್ಕ ಕಥೆ ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿದೆ. ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಅದು ಕಾಣುತ್ತಿತ್ತು. ಅಂದಿನದನ್ನು ಅಂದೇ ಕೂಡಿಸಿಕೊಳ್ಳಬೇಕು. ನಾಳೆಗಿರಲಿ ಎಂದು ಉಳಿಸಿದ್ದು ಹುಳ ಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದನ್ನು ಕೂಡಿಸಬಹುದಿತ್ತು, ಅದು ಕೆಡುತ್ತಿರಲಿಲ್ಲ. ಇನ್ನೊಂದು ಸಂಗತಿಯನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ: ಒಂದು ಪಾತ್ರೆಯಷ್ಟು ಮನ್ನವನ್ನು ಮುಂದಿನ ತಲೆಮಾರುಗಳು ನೋಡಲೆಂದು ತೆಗೆದಿಡಲು ಅಪ್ಪಣೆಯಾಯಿತು. ಅದು ಉಣ್ಣುವುದಕ್ಕಲ್ಲ, ನೆನಪಿಗೆ.

ಗೊಟಗೋಡಿಯ ವಿಶ್ವವಿದ್ಯಾಲಯವನ್ನು ನೋಡುವಾಗ ನನಗೆ ಆ ಪಾತ್ರೆಯ ನೆನಪಾಗುತ್ತದೆ. ಬೀಸುವ ಪದಗಳನ್ನೇ ತೆಗೆದುಕೊಳ್ಳಿ. ನಸುಕಿನಲ್ಲಿ ಕಲ್ಲಿನ ಗೂಟ ಹಿಡಿದ ಹೆಂಗಸರು ತವರು, ಅಣ್ಣ ತಮ್ಮಂದಿರು, ದೇವರು, ಗಂಡನ ಮನೆಯ ಕಷ್ಟ ಎಲ್ಲವನ್ನೂ ಹಾಡಿಕೊಂಡರು. ಹಿಟ್ಟು ಮುಗಿದಾಗ ಹಾಡೂ ಮುಗಿಯುತ್ತಿತ್ತು. ಮರುದಿನ ಮತ್ತೆ ಹುಟ್ಟುತ್ತಿತ್ತು, ಒಂದೆರಡು ಮಾತು ಹೆಚ್ಚು ಕಡಿಮೆಯಾಗಿ. ಯಾರೂ ಬರೆದಿಡದೆ ನೂರಾರು ವರ್ಷ ಅದು ಉಳಿದದ್ದು ದಿನವೂ ಹೊಸದಾಗಿ ಹಾಡಿದ್ದರಿಂದ. ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಹಾಡುವ ಹೊತ್ತೇ ಇಲ್ಲವಾಯಿತು. ಹಾಡನ್ನು ಸಂಗ್ರಹಿಸಿದವರಿಗೆ, ಕಾಪಾಡುವವರಿಗೆ ನಾನು ಕೈಮುಗಿಯುತ್ತೇನೆ. ಅವರಿಲ್ಲದಿದ್ದರೆ ನನ್ನ ಅಜ್ಜಿಯ ನಸುಕು ಹೇಗಿತ್ತೆಂಬುದೇ ಮೊಮ್ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಆದರೆ ಪಾತ್ರೆಯ ಮನ್ನದಿಂದ ಹೊಟ್ಟೆ ತುಂಬುವುದಿಲ್ಲ. ಯಾವ ವರ್ಷವೋ ಯಾವ ಕೂಟದಲ್ಲೋ ಕಣ್ಣೀರು ಹಾಕಿ ಪಡೆದ ಕ್ಷಮೆಯನ್ನೇ ಇವತ್ತಿಗೂ ತೋರಿಸುತ್ತ ಬದುಕುವ ಕ್ರೈಸ್ತನೂ ಹಾಗೆಯೇ. ನಾನೂ ಬಹಳ ಕಾಲ ಹಾಗೇ ಬದುಕಿದೆ.

ಕನ್ನಡದಲ್ಲಿ ಈ ಮನ್ನದ ಪಕ್ಕಕ್ಕೆ ಇನ್ನೆರಡು ಪದ ಬಂದು ನಿಲ್ಲುತ್ತವೆ: ಮನ್ನಿಸು, ಮತ್ತು ಸಾಲ ಮನ್ನಾ. ಹೀಬ್ರೂವಿನ ಮನ್ನಕ್ಕೂ ನಮ್ಮ ಮನ್ನಿಸುವುದಕ್ಕೂ ನಂಟಿಲ್ಲವೆಂದು ನನಗೆ ಗೊತ್ತು. ಕಿವಿಗೆ ಮಾತ್ರ ಅವು ಒಂದೇ ಮನೆಯವು. ಹಾವೇರಿ ಜಿಲ್ಲೆಯ ರೈತನ ಮುಂದೆ ಸಾಲ ಮನ್ನಾ ಎಂದು ನೋಡಿ, ಆ ಪದಕ್ಕೆ ಎಷ್ಟು ತೂಕವಿದೆಯೆಂದು ಅವನ ಮುಖ ಹೇಳುತ್ತದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದಿನದ ಅನ್ನದ ಬೇಡಿಕೆಯ ಹಿಂದೆಯೇ ಕ್ಷಮೆಯ ಬೇಡಿಕೆ ಬರುತ್ತದೆ. ಮತ್ತಾಯನ ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದ ಸಾಲ. ಅನ್ನದಂತೆ ಇದೂ ದಿನದ ಲೆಕ್ಕದ್ದು. ಅದೇ ಮತ್ತಾಯನಲ್ಲಿ, 18ನೆಯ ಅಧ್ಯಾಯದಲ್ಲಿ, ಸಾಲ ಮನ್ನಾದ ಕಥೆಯೇ ಇದೆ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾದ ಆಳು ಕಾಲಿಗೆ ಬೀಳುತ್ತಾನೆ, ಅರಸ ಎಲ್ಲವನ್ನೂ ಬಿಟ್ಟುಬಿಡುತ್ತಾನೆ. ಹೊರಗೆ ಬಂದವನು ತನಗೆ ನೂರು ದಿನಾರಿ ಕೊಡಬೇಕಾದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ದುಡಿಮೆ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಂದರೆ ಅವನಿಗೆ ಮನ್ನಾ ಆದದ್ದು 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಅವನು ಬಿಡಲಾರದೆ ಹೋದದ್ದು ನೂರು ದಿನದ್ದು. ನೂರು ದಿನದ ಕೂಲಿ ಬಡವನಿಗೆ ಸಣ್ಣದೇನಲ್ಲ. ಅಣ್ಣ ನನಗೆ ಅಂದ ಮಾತೂ ಸಣ್ಣದಾಗಿರಲಿಲ್ಲ. ನೋವನ್ನು ಸುಳ್ಳೆಂದು ಕಥೆ ಹೇಳುತ್ತಿಲ್ಲ, ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ತೋರಿಸುತ್ತಿದೆ.

ಶಿಗ್ಗಾವಿ ತಾಲೂಕಿನ ನೆಲಕ್ಕೆ ಅನಿತ್ಯದ ಮಾತು ಹೊಸದಲ್ಲ. ಕನಕದಾಸರು ಹುಟ್ಟಿದ ಬಾಡ ಇಲ್ಲಿಯದು, ಷರೀಫಜ್ಜನ ಶಿಶುನಾಳ ಇಲ್ಲಿಯದು. ದೇಹ ನಿಲ್ಲುವುದಲ್ಲ, ಮನೆ ಮಾರು ನಿಲ್ಲುವುದಲ್ಲ ಎಂದು ನಮ್ಮ ದಾಸರು, ಶರಣರು, ತತ್ವಪದಕಾರರು ಹಾಡಿದ್ದು ಹೆಚ್ಚಾಗಿ ನಮ್ಮ ಹಿಡಿತ ಸಡಿಲಲಿ ಎಂದು. ಬೈಬಲಿನ 103ನೆಯ ಕೀರ್ತನೆ ಅದೇ ಮಾತನ್ನು ಹಿಡಿದು ಇನ್ನೊಂದು ದಾರಿಗೆ ತಿರುಗುತ್ತದೆ. ಮನುಷ್ಯ ಹುಲ್ಲು, ಗಾಳಿ ಬೀಸಿದರೆ ಇಲ್ಲ. ಅವನು ಬರೀ ಮಣ್ಣೆಂದು ದೇವರಿಗೆ ನೆನಪಿದೆ. ಆದ್ದರಿಂದಲೇ ತಂದೆ ಮಕ್ಕಳಿಗಾಗಿ ಮರುಗುವಂತೆ ಮರುಗುತ್ತಾನೆ. ನಮ್ಮ ಅನಿತ್ಯವೇ ಅಲ್ಲಿ ಕರುಣೆಗೆ ಕಾರಣ. ನಾನು ಈ ಕೀರ್ತನೆಯನ್ನು ಸಾವಿನ ಮನೆಗಳಲ್ಲಿ ಎಷ್ಟೋ ಸಲ ಓದಿದ್ದೇನೆ. ಅಳಿದುಹೋಗುವವನೆಂಬ ಕಾರಣಕ್ಕೇ ಅಣ್ಣನ ಮೇಲೆ ಮರುಗಬಹುದಿತ್ತು ಎಂಬುದು ಆಗ ಒಮ್ಮೆಯೂ ಹೊಳೆಯಲಿಲ್ಲ. ಕ್ಯಾಥೋಲಿಕ ಗೆಳೆಯರು ವಿಭೂತಿ ಬುಧವಾರ ಹಣೆಗೆ ಬೂದಿ ಇಡಿಸಿಕೊಂಡು ಬರುವುದನ್ನು ಕಂಡಿದ್ದೇನೆ. ಹಿಂದಿನ ವರ್ಷ ಗರಿಗಳ ಭಾನುವಾರ ಜಯಘೋಷ ಮಾಡುತ್ತ ಹಿಡಿದ ಗರಿಗಳನ್ನೇ ಸುಟ್ಟು ಆ ಬೂದಿ ಮಾಡುತ್ತಾರೆ. ಮಣ್ಣೆಂಬ ನೆನಪು ಹಣೆಯ ಮೇಲೆ ಬಿದ್ದ ದಿನವೇ ಕ್ಷಮೆಯ ಕಾಲ ಶುರುವಾಗುತ್ತದೆ. ಸಂಸ್ಕೃತದಿಂದ ನಮಗೆ ಬಂದ ಕ್ಷಮೆ ಎಂಬ ಪದಕ್ಕೆ ಭೂಮಿ ಎಂಬರ್ಥವೂ ಇದೆಯಲ್ಲ, ಅದನ್ನು ಮಣ್ಣಾದವನು ಮಣ್ಣಿನಿಂದ ಕಲಿಯಬೇಕೇನೋ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕ್ಷಮೆ ಅಂದರೆ ಮರೆವೇ? ಹೊಸ ಬೆಳಗು ಬಂದ ಕೂಡಲೇ ನಿನ್ನೆಯದು ಇಲ್ಲವಾಗುವುದೇ? ಹಾಗೆ ಹೇಳುವವರನ್ನು ನಾನು ನಂಬುವುದಿಲ್ಲ. ಪುನರುತ್ಥಾನದ ಮೈಯಲ್ಲೂ ಮೊಳೆಯ ಗಾಯ ಇತ್ತು, ತೋಮನು ಅದನ್ನು ನೋಡಿದ. ಮತ್ತು ಪೇತ್ರ. ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸುತ್ತ ನಿಂತು, ಯೇಸು ಯಾರೋ ತನಗೆ ಗೊತ್ತಿಲ್ಲವೆಂದು ಮೂರು ಸಲ ಅಂದನಲ್ಲ, ಆಗ ಅವನ ಮುಂದೆ ಇದ್ದದ್ದು ಇದ್ದಲಿನ ಬೆಂಕಿ. ಯೋಹಾನ ಅದಕ್ಕೆ ಬಳಸುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಎರಡನೆಯದು 21ನೆಯ ಅಧ್ಯಾಯದಲ್ಲಿ, ಸರೋವರದ ದಡದಲ್ಲಿ, ಬೆಳಕು ಹರಿಯುವ ಹೊತ್ತಿಗೆ. ರಾತ್ರಿಯಿಡೀ ಬಲೆ ಬೀಸಿ ಬಂದ ಶಿಷ್ಯರಿಗಾಗಿ ಎದ್ದುಬಂದ ಕ್ರಿಸ್ತನು ಇದ್ದಲಿನ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟು ಕಾಯುತ್ತಿದ್ದಾನೆ. ಆ ಹೊಗೆಯ ವಾಸನೆ ಪೇತ್ರನಿಗೆ ಏನನ್ನು ನೆನಪಿಸಿರಬೇಡ! ಮೊದಲು ಬರ್ರಿ ಉಣ್ಣರಿ ಎನ್ನುತ್ತಾನೆ ಯೇಸು. ಉಂಡಾದ ಮೇಲೆ, ನನ್ನ ಮೇಲೆ ಪ್ರೀತಿ ಇದೆಯೇ ಎಂದು ಮೂರು ಸಲ ಕೇಳುತ್ತಾನೆ. ಆ ರಾತ್ರಿಯ ಬೆಂಕಿಯನ್ನು ಅವನು ಅಳಿಸಿ ಹಾಕಲಿಲ್ಲ. ಪೇತ್ರನನ್ನು ಮತ್ತೆ ಅದೇ ಬೆಂಕಿಯ ಹತ್ತಿರ ಕೂರಿಸಿ, ಬೆಳಗಿನ ಊಟ ಬಡಿಸಿದ.

ಅಣ್ಣ ಮತ್ತು ನಾನು ಕೂಡಿದ್ದೂ ಊಟದಲ್ಲೇ. ಹನ್ನೊಂದು ವರ್ಷದ ಮೇಲೆ ಒಂದು ಬೆಳಿಗ್ಗೆ ನಾನೇ ಶಿಗ್ಗಾವಿಗೆ ಹೋದೆ. ದೊಡ್ಡ ಮಾತುಗಳೇನೂ ಆಗಲಿಲ್ಲ. "ಬಂದ್ಯಾ, ಕುಂದ್ರು" ಅಂದ. ವೈನಿ ರೊಟ್ಟಿ ಬಡಿದರು. ಉಂಡೆವು. ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ತಪ್ಪಾತೋ ತಮ್ಮಾ" ಅಂದ. ನಂದೂ ತಪ್ಪೈತಿ ಅಣ್ಣಾ ಅಂದೆ. ದಾರಿಯುದ್ದಕ್ಕೂ ಮೈ ಹಗುರಾಗಿತ್ತು. ಮುಗಿಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗ ಆ ಮಾತು ಮತ್ತೆ ಬಂತು. ಅದೇ ಪಡಸಾಲೆ, ಅದೇ ಬೆರಳು. ನಿನ್ನೆ ಮನಸಾರೆ ಕ್ಷಮಿಸಿದ್ದು ಸುಳ್ಳೇ ಎಂದು ನನಗೆ ನಾಚಿಕೆಯಾಯಿತು. ಸುಳ್ಳಲ್ಲ, ಅದು ನಿನ್ನೆಯ ಹಿಟ್ಟು ಎಂದು ತಿಳಿಯಲು ಬಹಳ ದಿನ ಹಿಡಿಯಿತು. ಎಷ್ಟು ಸಲ ಕ್ಷಮಿಸಲಿ, ಏಳು ಸಲ ಸಾಕೇ ಎಂದು ಪೇತ್ರ ಕೇಳಿದ್ದಕ್ಕೆ ಎಪ್ಪತ್ತು ಏಳರಷ್ಟು ಎಂದು ಯೇಸು ಹೇಳಿದ ಲೆಕ್ಕವನ್ನು ನಾವು 490 ತಪ್ಪುಗಳೆಂದು ಓದುತ್ತೇವೆ. ನನಗೆ ಅದು ಒಂದೇ ತಪ್ಪು, 490 ಬೆಳಗು ಎಂದು ಕೇಳಿಸತೊಡಗಿತು. ಬೋಧಕರು ಒಪ್ಪುತ್ತಾರೋ ಇಲ್ಲವೋ, ನನ್ನ ಅನುಭವ ಇದು. ಏಳುತ್ತೇನೆ, ಆ ಮಧ್ಯಾಹ್ನ ಅಲ್ಲೇ ನಿಂತಿರುತ್ತದೆ, ಅಣ್ಣನ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸುತ್ತೇನೆ. ನನ್ನ ಬಲದಿಂದ ಆಗುವ ಕೆಲಸವಲ್ಲ. ಅವತ್ತಿನ ಮಟ್ಟಿಗೆ ಬಲ ಸಿಗುತ್ತದೆ. ಕೆಲವು ದಿನ ಸಿಗುವುದಿಲ್ಲ, ಆ ದಿನ ನನಗೇ ಕ್ಷಮೆ ಬೇಕಾಗುತ್ತದೆ.

ಆಮೇಲೆ ಎರಡೇ ವರ್ಷಕ್ಕೆ ಅಣ್ಣ ತೀರಿಕೊಂಡ. ಸತ್ತವರನ್ನು ಕ್ಷಮಿಸುವುದು ಸುಲಭವೆಂದು ಜನ ಹೇಳುತ್ತಾರೆ. ಹಾಗೇನಿಲ್ಲ. ಬದುಕಿದ್ದವನಾದರೆ ಎದುರಿಗೆ ಬಂದಾಗ ಮುಪ್ಪು ಕಾಣುತ್ತಿತ್ತು, ಕೆಮ್ಮು ಕೇಳುತ್ತಿತ್ತು, ಒಳಗಿನ ಮೂರ್ತಿ ತಾನಾಗಿಯೇ ಸ್ವಲ್ಪ ಬಿರುಕು ಬಿಡುತ್ತಿತ್ತು. ಈಗ ಆ ಕೆಲಸವೂ ನನ್ನದೇ.

ರಾಕ್ ಗಾರ್ಡನ್ನಿನಿಂದ ಹೊರಟವನು ಅವತ್ತು ಶಿಗ್ಗಾವಿಯ ಮನೆಗೆ ಹೋದೆ. ಬಿಸಿಲು ಏರಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು ವೈನಿ ಹಿಟ್ಟಿನ ಕೈಯಲ್ಲೇ ಎದ್ದು ಬಂದರು.

"ಬರ್ರಿ, ಬರ್ರಿ. ಈಗರ ಗಿರಣಿಯಿಂದ ಹಿಟ್ಟು ಬಂತು, ಬಿಸಿ ರೊಟ್ಟಿ ಉಂಡs ಹೋಗಬೇಕ್ರಿ."

ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಕಟ್ಟೆಯ ಮೇಲಿಟ್ಟರು. ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಒಳಗೆ ಹೋದೆ.